kadidu ಎಂಬ ಫೋಲ್ಡರು

ಪ್ರಲ್ಹಾದರಾಯರ ಕಂಪ್ಯೂಟರು ಒಂದೇ ಆದರೂ ಅದರೊಳಗಿನ ಸಂಸಾರಗಳು ಮೂರು. ಧಾರವಾಡ ಬಿಟ್ಟು ಬಂದು ನೆಲೆಸಿದ ಮರಾಠಿ ಸೀಮೆಯ ಕೋಥರೂಡಿನ ಅವರ ಫ್ಲ್ಯಾಟಿನಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಕೂತಿದ್ದ ಆ ಹಳೆಯ ಯಂತ್ರದ ಗುಂಡಿ ಒತ್ತಿದರೆ ಮೊದಲು ಕಪ್ಪು ಪರದೆ ಬರುತ್ತಿತ್ತು. ಅದರ ಮೇಲೆ ಮೂರು ಲಿನಕ್ಸುಗಳ, ಎಂದರೆ ಯಂತ್ರ ನಡೆಸುವ ವ್ಯವಸ್ಥೆಗಳ, ಹೆಸರು. ಯಾವುದಕ್ಕೆ ಹೋಗಬೇಕೋ ಅದನ್ನು ಆರಿಸಿ ಒಳಗೆ ಹೋಗಬೇಕು. ಮೊದಲನೆಯದು ಅವರು ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬು ನೋಡಿಕೊಳ್ಳುತ್ತಿದ್ದ ಕಾಲದ್ದು. ಮೈಕು ಅದರಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ ಎಂಬ ಒಂದೇ ಪುಣ್ಯದಿಂದ ಉಳಿದುಕೊಂಡಿತ್ತು. ಎರಡನೆಯದು ಕನ್ನಡ, ಮರಾಠಿ ಟೈಪು ಮಾಡುವುದಕ್ಕೆ. ಮೂರನೆಯದು ಹೊಸದು, ಹೊಸ ಸೊಸೆಯ ಹಾಗೆ ಇನ್ನೂ ಯಾರಿಗೂ ಪೂರ್ತಿ ಒಗ್ಗಿರಲಿಲ್ಲ. ಎಲ್ಲ ತೆಗೆದು ಒಂದನ್ನೇ ಇಟ್ಟುಕೊಳ್ಳಬಾರದೇ ಎಂದು ಅಳಿಯ ಅಮೋಘ ಕೇಳಿದಾಗಲೆಲ್ಲ ರಾಯರು, "ಇರ್ಲಿ ಬಿಡ್ರಿ ಅಳಿಯಂದ್ರ, ಅವೇನು ಅನ್ನ ಕೇಳ್ತಾವೇನು?" ಎನ್ನುತ್ತಿದ್ದರು.

ಆ ಮಾತು ಈಗ ಯಾರೂ ಕೇಳುವ ಹಾಗಿಲ್ಲ. ಈ ವರ್ಷ ಅವರ ಗಂಟಲಿನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದರು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಎರಡರಲ್ಲಿ ಯಾವುದು ಬೇಕು ಎಂದು ಕೇಳಿದರೆ ಯಾರಾದರೂ ಏನು ಹೇಳುತ್ತಾರೆ? ಬದುಕಿದ್ದರೆ ಬೆಲ್ಲ ಬೇಡಿಯಾದರೂ ತಿಂದೇನು ಎಂದು ರಾಯರು ಒಪ್ಪಿದರು.

ದನಿ ಹೋದರೇನು, ಬರೆದು ತೋರಿಸಿದರಾಯಿತು ಎಂದು ಆಸ್ಪತ್ರೆಯಲ್ಲಿ ಯಾರೋ ಸಮಾಧಾನ ಹೇಳಿದರು. ಡಾಕ್ಟರಿಗೆ ಬರೆದು ತೋರಿಸಬಹುದು, ಹಾಲಿನವನಿಗೆ ಬರೆದು ತೋರಿಸಬಹುದು, ಮಗಳು ನೀಲಿಮಾಳಿಗೆ ತೋರಿಸಬಹುದು. ಹೆಂಡತಿ ಭಾಮಾಬಾಯಿಗೆ ತೋರಿಸುವ ಹಾಗಿರಲಿಲ್ಲ. ಸಕ್ಕರೆ ರೋಗ ಅವರ ಎರಡೂ ಕಣ್ಣುಗಳನ್ನು ತಿಂದು ಆಗಿತ್ತು. ಕಿಟಕಿ ಎಲ್ಲಿದೆ ಎಂದು ಬೆಳಕಿನಿಂದ ಗೊತ್ತಾಗುತ್ತಿತ್ತು, ಅಷ್ಟೇ. ಕಾಣದ ಹೆಂಡತಿ, ಮಾತಾಡದ ಗಂಡ, ಇಬ್ಬರೇ ಇರುವ ಮನೆ. ದೇವರು ಒಮ್ಮೊಮ್ಮೆ ಲೆಕ್ಕ ತಪ್ಪುತ್ತಾನೆ, ಅಥವಾ ಬೇಕೆಂದೇ ಹೀಗೆ ಮಾಡುತ್ತಾನೆ.

ದಾರಿ ತೋರಿಸಿದವಳು ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ನೋಡುವ ಹರ್ಷದಾ. ಆಪರೇಷನ್ನಿಗೆ ಇನ್ನೂ ಕೆಲವು ವಾರವಿದೆ, ಅಷ್ಟರಲ್ಲಿ ನಿಮ್ಮ ದನಿಯನ್ನು ರೆಕಾರ್ಡು ಮಾಡಿ ಇಟ್ಟುಕೊಳ್ಳಿ ಎಂದಳು. ಆಮೇಲೆ ಒಂದು ಪ್ರೋಗ್ರಾಮಿಗೆ ಅದನ್ನು ಕಲಿಸಬಹುದು. ನೀವು ಟೈಪು ಮಾಡಿದ್ದನ್ನು ಅದು ನಿಮ್ಮ ದನಿಯಲ್ಲೇ ಓದಿ ಹೇಳುತ್ತದೆ. ಓದುವುದಕ್ಕೆಂದು ಒಂದಷ್ಟು ಕನ್ನಡ ವಾಕ್ಯಗಳನ್ನು ಎಲ್ಲಿಂದಲೋ ಹುಡುಕಿಯೂ ಕೊಟ್ಟಳು. ಪಾಪ, ಆಕೆ ಮರಾಠಿಯವಳು, ಅವು ಎಂಥ ವಾಕ್ಯಗಳು ಎಂದು ಆಕೆಗೆ ಹೇಗೆ ಗೊತ್ತಾಗಬೇಕು? 'ನಗರದ ಹಲವೆಡೆ ಸಾಧಾರಣ ಮಳೆಯಾಗಿದೆ.' 'ದಯವಿಟ್ಟು ಸರದಿಯ ಸಾಲಿನಲ್ಲಿ ನಿಲ್ಲಿರಿ.' ರಾಯರು ನೋಯುವ ಗಂಟಲಿನಲ್ಲಿ ಬಾಗಿಲು ಹಾಕಿಕೊಂಡು ದಿನವೂ ಓದಿದರು. ಹಳೆಯ ಲಿನಕ್ಸಿನಲ್ಲಿ ರೆಕಾರ್ಡು ಮಾಡುವುದು, ಅದನ್ನು ಎರಡನೆಯದಕ್ಕೆ ಒಯ್ದು ಕನ್ನಡ ವಾಕ್ಯ ಟೈಪು ಮಾಡಿ ಜೋಡಿಸುವುದು, ಮೂರನೆಯದರಲ್ಲಿ ಪ್ರೋಗ್ರಾಮು ಹಾಕಿ ನೋಡುವುದು. ಹೀಗೆ ಅವರ ದನಿ ಮೂರು ಕಡೆ ಹರಡಿಕೊಂಡಿತು.

ಆಪರೇಷನ್ನಿನ ದಿನ ಮುಂದಕ್ಕೆ ಹೋಗಬಹುದು ಎಂದಿದ್ದ ಆಸ್ಪತ್ರೆಯವರು ಅದನ್ನು ಮುಂಚೆಗೇ ತಂದರು. ಒಳಗೆ ಕರೆದೊಯ್ಯುವ ಮೊದಲು ರಾಯರು ಅಮೋಘನ ಕೈ ಹಿಡಿದು ಹೇಳಿದರು. "ಅಳಿಯಂದ್ರ, ಮೂರೂ ಕಡೆ ಚೆಲ್ಲಾಪಿಲ್ಲಿ ಆಗೇದ. ಎಲ್ಲಾ ಒಂದ ಕಡೆ ಮಾಡ್ರಿ. ಆಮ್ಯಾಲೆ ಹಳೇವು ಎರಡೂ ತಗದು ಹೊಸಾದಕ್ಕ ಜಾಗಾ ಮಾಡಿ ಕೊಡ್ರಿ, ಆ ಪ್ರೋಗ್ರಾಮು ಭಾಳ ಜಾಗಾ ತಿಂತದ. ನಾ ಬಂದು ಅದರಾಗ ಕೂತು ಮಾತಾಡ್ತೀನಿ."

"ಆಯ್ತು ಮಾವ, ನೀವು ಅದರ ಬಗ್ಗೆ ಯೋಚನೆ ಮಾಡ್ಬೇಡಿ," ಎಂದ ಅಮೋಘ.

ಅವನು ನಿಜವಾಗಿಯೂ ಯೋಚನೆ ಮಾಡಬೇಕಾಗಿರಲಿಲ್ಲ. ತುಮಕೂರಿನ ಹುಡುಗ, ಹಿಂಜವಾಡಿಯ ಒಂದು ಕಂಪನಿಯಲ್ಲಿ ನೂರಾರು ಲಿನಕ್ಸ್ ಸರ್ವರುಗಳನ್ನು ಸಾಕುವುದೇ ಅವನ ಕಸುಬು. ಒಂದು ಕಡೆಯ ಫೈಲನ್ನು ಇನ್ನೊಂದು ಕಡೆಗೆ ಸಾಗಿಸುವುದು ಅವನಿಗೆ ಅಕ್ಕಿ ಆರಿಸಿದಷ್ಟು ಸಲೀಸು. ಅಳಿಸುವ ಮೊದಲು ನೋಡಿ, ನೋಡಿದ ಮೇಲೆ ಇನ್ನೊಮ್ಮೆ ನೋಡಿ ಎಂದು ಕೈಕೆಳಗಿನವರಿಗೆ ವಾರಕ್ಕೊಮ್ಮೆಯಾದರೂ ಉಪದೇಶ ಮಾಡುತ್ತಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಭಾನುವಾರ ಬೆಳಿಗ್ಗೆ ನೀಲಿಮಾ ತಾಯಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಅಮೋಘ ಒಬ್ಬನೇ ಮಾವನ ಮೇಜಿನ ಮುಂದೆ ಕೂತ. ಮೂರನೆಯ ಲಿನಕ್ಸಿನೊಳಗೆ ಹೋಗಿ, ಆಜ್ಞೆ ಟೈಪು ಮಾಡುವ ಟರ್ಮಿನಲ್ ತೆರೆದ. ಅಲ್ಲಿಂದ ನೋಡಿದರೆ ಉಳಿದ ಎರಡೂ ಕಾಣುವುದಿಲ್ಲ; ಪಕ್ಕದ ಮನೆಗಳ ಹಾಗೆ ಗೋಡೆಯಾಚೆ ಇರುತ್ತವೆ. ಅವುಗಳ ಡಿಸ್ಕಿನ ಭಾಗಗಳನ್ನು ಮೌಂಟ್ ಮಾಡಿ, ಎಂದರೆ ಇಲ್ಲಿಂದಲೇ ಅಲ್ಲಿಗೆ ಬಾಗಿಲು ಕೂಡಿಸಿ, ಒಳಗೆ ಹೊಕ್ಕ. ಇಲ್ಲಿ ಒಂದು ಮೋಸವಿದೆ. ಮೂರರಲ್ಲೂ ಬಳಕೆದಾರನ ಹೆಸರು pralhad. ಮೂರರಲ್ಲೂ ಅವನ ಮನೆ home ಎಂಬುದರ ಕೆಳಗೆ ಅದೇ ಹೆಸರಿನಲ್ಲಿ. ನಿಂತಿರುವುದು ಯಾವ ಮನೆಯಲ್ಲಿ ಎಂಬ ಎಚ್ಚರ ತಪ್ಪಿದರೆ ಹಳೆಯದರ ಮೇಲೆ ಹೊಸದು, ಹೊಸದರ ಮೇಲೆ ಹಳೆಯದು ಬಿದ್ದು ಎರಡೂ ಹಾಳು. ಅಮೋಘ ಹಾಗೆ ಎಚ್ಚರ ತಪ್ಪುವವನಲ್ಲ. ಪ್ರತಿ ಸಾಲನ್ನೂ ಬರೆದು, ಎಂಟರ್ ಒತ್ತುವ ಮೊದಲು ಬಾಯಲ್ಲಿ ಓದಿಕೊಂಡ. ಏನನ್ನೂ ನಿಜವಾಗಿ ಸಾಗಿಸದೆ ಏನೇನು ಸಾಗುತ್ತದೆ ಎಂದಷ್ಟೇ ತೋರಿಸುವ ತಾಲೀಮು ಓಟ ಮಾಡಿ ನೋಡಿದ. ತನಗೆ ಗೊತ್ತಿದ್ದ ಅಪಾಯಗಳಿಗೆಲ್ಲ ಕಾವಲು ಹಾಕಿದ.

ಹಳೆಯದರಲ್ಲಿ dani ಎಂಬ ಫೋಲ್ಡರು ಸಿಕ್ಕಿತು. ರಾಯರು ಟರ್ಮಿನಲ್ಲಿನಲ್ಲಿ ಕನ್ನಡ ಅಕ್ಷರ ಬಳಸುತ್ತಿರಲಿಲ್ಲ, ಗುಣಿತ ಚೆದುರಿಹೋಗುತ್ತದೆ ಎಂದು ಎಲ್ಲಕ್ಕೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೆಸರು ಇಡುತ್ತಿದ್ದರು. ದನಿಯೊಳಗೆ ಉದ್ದುದ್ದ ರೆಕಾರ್ಡುಗಳು. ಒಂದನ್ನು ಹಾಕಿ ಕೇಳಿದ: ಸಾಧಾರಣ ಮಳೆ, ಸರದಿಯ ಸಾಲು, ಮಾವನ ತಗ್ಗಿದ ದನಿ. ಸರಿ. ಎರಡನೆಯದರಲ್ಲಿ vakya ಇತ್ತು, ಅದರ ಪಕ್ಕದಲ್ಲಿ ಇನ್ನೊಂದು ಫೋಲ್ಡರು, kadidu.

ಅಮೋಘ ಅದನ್ನು ಕಡಿದು ಎಂದು ಓದಿದ. ಕಡಿದು ಹಾಕಿದ್ದು. ಒಳಗೆ ನೋಡಿದರೆ ಅದಕ್ಕೆ ತಕ್ಕ ಹಾಗೆಯೇ ಚೂರುಪಾರು. ನೂರಾರು ಸಣ್ಣ ಫೈಲುಗಳು, ಒಂದೊಂದೂ ಎರಡು ಉಸಿರಿನಷ್ಟು. ಉದ್ದದ ರೆಕಾರ್ಡನ್ನು ಕತ್ತರಿಸುವಾಗ ಉಳಿದ ಅಂಚುಗಳು ಎಂದು ತಿಳಿದ. ಆದರೂ ಒಂದನ್ನು ಹಾಕಿ ಕೇಳಿದ, ಮೊದಲನೆಯದನ್ನು. ಕೆಮ್ಮು. ಕುರ್ಚಿ ಎಳೆದ ಸದ್ದು. "ಹಾಂ, ನಡೀತೇನು ಇದು?" ಎಂದು ರಾಯರು ತಮ್ಮಷ್ಟಕ್ಕೆ ಕೇಳಿಕೊಂಡಿದ್ದರು. ಕಸವೇ ಹೌದು ಎಂದು ಖಾತ್ರಿಯಾಯಿತು. ಕಸ ಸೇರಿದರೆ ಪ್ರೋಗ್ರಾಮು ತಪ್ಪು ಕಲಿಯುತ್ತದೆ, ಮಾವನ ದನಿಯಲ್ಲಿ ಕೆಮ್ಮು ಕಲಿಯುತ್ತದೆ ಎಂದುಕೊಂಡು, ಸಾಗಿಸುವ ಸಾಲಿನಲ್ಲಿ ಅದೊಂದನ್ನು ಬಿಟ್ಟು ಉಳಿದುದೆಲ್ಲ ಎಂದು ಸೇರಿಸಿದ. ಎಲ್ಲಾ ಎಂದು ಮಾವ ಹೇಳಿದ್ದು ಅವನಿಗೆ ಮರೆತಿರಲಿಲ್ಲ. ಆದರೆ ಎಲ್ಲಾ ಎಂದರೆ ಬೇಕಾದದ್ದೆಲ್ಲಾ ಎಂದು ಬುದ್ಧಿವಂತರು ತಾವೇ ತಿದ್ದಿಕೊಳ್ಳುತ್ತಾರೆ.

ಸಾಗಿದ್ದನ್ನು ಎರಡು ಸಲ ತಾಳೆ ನೋಡಿದ. ಹಳೆಯ ಎರಡು ಲಿನಕ್ಸುಗಳನ್ನೂ ಅಳಿಸಿ, ಗೋಡೆ ಒಡೆದು, ಇಡೀ ಡಿಸ್ಕನ್ನು ಮೂರನೆಯದಕ್ಕೆ ಬಿಟ್ಟುಕೊಟ್ಟ. ಪ್ರೋಗ್ರಾಮಿಗೆ ಬೇಕಾದ ದೊಡ್ಡ ದೊಡ್ಡ ಫೈಲುಗಳು ಇಳಿದು ಖಾಲಿ ಜಾಗವೆಲ್ಲ ತುಂಬತೊಡಗಿತು. ಒಳ್ಳೆಯ ಕೆಲಸ ಮುಗಿಸಿದ ಸಮಾಧಾನದಲ್ಲಿ ಸ್ನಾನ ಮಾಡಿ ಆಸ್ಪತ್ರೆಗೆ ಹೋದ.

ಕ್ಯಾಂಟೀನಿನಲ್ಲಿ ನೀಲಿಮಾ ಅವಲಕ್ಕಿ ಪೋಹೆಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಅಪ್ಪ ಕಣ್ಣು ಬಿಟ್ಟಿದ್ದಾರೆ, ಕೈ ಒತ್ತಿದರು ಎಂದಳು. ಅಮೋಘ ತನ್ನ ಕೆಲಸದ ವರದಿ ಕೊಟ್ಟ. "ಎಲ್ಲ ಒಂದೇ ಕಡೆ ಬಂತು. ಒಂದು ಫೋಲ್ಡರ್ ಮಾತ್ರ ಬರೀ ಕಸ ಇತ್ತು, ಅದನ್ನ ಬಿಟ್ಟೆ."

"ಯಾವುದು?"

"ಕಡಿದು ಅಂತ ಹೆಸರಿಟ್ಟಿದ್ರು. ಕಟ್ ಮಾಡಿ ಬಿಸಾಕಿದ ಚೂರುಗಳು."

ನೀಲಿಮಾ ಚಮಚ ಕೆಳಗಿಟ್ಟಳು. "ಕಡಿದು ಅಂತ ಅಪ್ಪ ಯಾಕ ಬರೀತಾರ? ಕಟಗಿ ಕಡಿಯೋದು, ತಲಿ ಕಡಿಯೋದು. ರೆಕಾರ್ಡು ಯಾರು ಕಡೀತಾರ?" ಆಮೇಲೆ ಅವಳ ದನಿ ಇಳಿಯಿತು. "ಹೆಂಗ ಬರದಿತ್ತು? ಅಕ್ಷರ ಹೇಳು."

ಅವನು ಒಂದೊಂದೇ ಅಕ್ಷರ ಹೇಳಿದ.

"ಅದು ಕಡೀದು, ಅಮೋಘ. ನೀವು ಕಡೇದು ಅಂತೀರಲ್ಲ, ಕೊನೇದು, ಅದು. ನಾವು ಕಡೀದು ಅಂತೀವಿ." ಅವಳು ಅವನ ಮುಖ ನೋಡಿದಳು. "ಅಲ್ಲೇ ಅದ ಹೌದಲ್ಲ ಅದು? ತಗೀಲಿಲ್ಲಲ್ಲ?"

ಅಮೋಘ ಕುರ್ಚಿ ಹಿಂದಕ್ಕೆ ತಳ್ಳಿದ. ಎದ್ದು ನಿಂತ. ರಿಕ್ಷಾ ಹಿಡಿದು ಕೋಥರೂಡಿಗೆ ಓಡಿದ.

ಅಳಿಸಿದ್ದನ್ನು ಮತ್ತೆ ಎತ್ತುವ ಉಪಾಯಗಳು ಅವನಿಗೆ ಗೊತ್ತಿದ್ದವು, ಎಲ್ಲವನ್ನೂ ಹೂಡಿದ. ಎರಡು ದಿನ ಆಫೀಸಿಗೆ ಹೋಗದೆ ಡಿಸ್ಕನ್ನು ಜಾಲಾಡಿದ. ಪಾಲಿಟೆಕ್ನಿಕ್ಕಿನ ಹಳೆಯ ಪ್ರಶ್ನೆಪತ್ರಿಕೆಗಳು ಮೇಲೆ ಬಂದವು, ಯಾರದೋ ಮುಂಜಿಯ ಫೋಟೊದ ಅರ್ಧ ಬಂತು, ದನಿಯೆಂದು ಬಂದದ್ದೆಲ್ಲ ಬರೀ ಗರಗರ ಸದ್ದು. ಹೊಸ ಪ್ರೋಗ್ರಾಮಿನ ಫೈಲುಗಳು ಸರಿಯಾಗಿ ಆ ಜಾಗದ ಮೇಲೆಯೇ ಬಂದು ಕೂತಿದ್ದವು. ಮಾವನ ದನಿ ಮಾಡಲೆಂದು ಇಳಿಸಿದ ಪ್ರೋಗ್ರಾಮೇ ಮಾವನ ದನಿಯನ್ನು ನುಂಗಿತ್ತು. ಅವನಿಗೆ ಅಳು ಬಂತು, ಅತ್ತ.

ರಾಯರು ಮನೆಗೆ ಬಂದ ದಿನ ಇನ್ನೂ ಸೋತು ಹೋಗಿದ್ದರು. ಕುತ್ತಿಗೆಯಲ್ಲಿ ಉಸಿರಾಡಲು ಮಾಡಿದ ರಂಧ್ರ, ಅದರ ಮೇಲೆ ಬಿಳಿ ಬಟ್ಟೆ. ಮೀಸೆ ತೆಗೆದಿದ್ದರಿಂದ ಮುಖವೇ ಬೇರೆಯಾಗಿತ್ತು. ನೀಲಿಮಾ ತಾಯಿಯ ಜೊತೆ ಅಡುಗೆಮನೆಯಲ್ಲಿದ್ದಳು. ರಾಯರು ಯಾರ ಮಾತೂ ಕೇಳದೆ ನೇರವಾಗಿ ಮೇಜಿಗೆ ಹೋಗಿ ಕೂತರು. ಅಮೋಘ ಅವರ ಬೆನ್ನ ಹಿಂದೆ ನಿಂತ. ಹೇಗೆ ಹೇಳಲಿ ಎಂದು ಅವನು ಮಾತು ಹೊಂದಿಸಿಕೊಳ್ಳುವಷ್ಟರಲ್ಲಿ ರಾಯರು ಮೊದಲ ಸಾಲನ್ನೇ ಟೈಪು ಮಾಡಿದ್ದರು. ಇಡೀ ಡಿಸ್ಕಿನಲ್ಲಿ kadidu ಎಂಬ ಹೆಸರು ಎಲ್ಲಿದ್ದರೂ ಹುಡುಕು ಎಂಬ ಆಜ್ಞೆ.

ಟರ್ಮಿನಲ್ಲಿಗೆ ಒಂದು ಗುಣವಿದೆ. ಹುಡುಕಿದ್ದು ಸಿಕ್ಕರೆ ಎಲ್ಲಿದೆ ಎಂದು ಬರೆದು ತೋರಿಸುತ್ತದೆ. ಸಿಗದಿದ್ದರೆ ಇಲ್ಲ ಎಂದು ಕೂಡ ಹೇಳುವುದಿಲ್ಲ. ಸುಮ್ಮನೆ ಮುಂದಿನ ಸಾಲಿಗೆ ಬಂದು, ಮತ್ತೇನು ಎಂಬಂತೆ ಕರ್ಸರು ಮಿನುಗಿಸುತ್ತ ನಿಲ್ಲುತ್ತದೆ. ರಾಯರು ಆ ಖಾಲಿ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿ ತಿರುಗಿಸಿ ಅಳಿಯನನ್ನು ನೋಡಿದರು.

"ಮಾವ, ಅದನ್ನ ನಾನು ಕಡಿದು ಅಂತ ಓದ್ಕೊಂಡೆ," ಎಂದ ಅಮೋಘ. "ಕತ್ತರಿಸಿದ ಚೂರು ಅಂದ್ಕೊಂಡು ಬಿಟ್ಟುಬಿಟ್ಟೆ. ಆಮೇಲೆ ಎರಡನ್ನೂ ಅಳಿಸಿದೆ. ವಾಪಸ್ ತರೋಕೆ ಎಲ್ಲಾ ಮಾಡಿದೆ, ಆಗ್ಲಿಲ್ಲ. ಏನೂ ಉಳಿದಿಲ್ಲ ಮಾವ."

ರಾಯರು ಮತ್ತೆ ಪರದೆಯ ಕಡೆ ತಿರುಗಿದರು. ಅವರ ಹೆಗಲು ಕುಲುಕುತ್ತಿದ್ದವು. ದನಿಯಿಲ್ಲದ ನಗುವಿಗೂ ಅಳುವಿಗೂ ಬೆನ್ನ ಕಡೆಯಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಮುಂದೆ ಬಂದು ನೋಡುವ ಧೈರ್ಯ ಅಮೋಘನಿಗೆ ಇರಲಿಲ್ಲ. ಕಡೆಗೆ ರಾಯರು ಮಕ್ಕಳು ಬರೆದು ಒರೆಸುವಂಥ ಬಿಳಿ ಸ್ಲೇಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆದರು. 'ತಪ್ಪು ನಂದು. ದೀರ್ಘ ಹಾಕಬೇಕಿತ್ತು.'

"ಅದರಲ್ಲಿ ಏನಿತ್ತು ಮಾವ?"

ಅವರು ಒರೆಸಿ ಬರೆದರು. 'ಮನೀ ಮಾತು. ಆಕೀ ಸಲುವಾಗಿ.' ಅದನ್ನೂ ಒರೆಸಿ, ಅಡುಗೆಮನೆಯ ಕಡೆ ಒಮ್ಮೆ ನೋಡಿ, ಮತ್ತೆ ಬರೆದರು. 'ಆಕೀಗೆ ಹೇಳಬ್ಯಾಡ್ರಿ.'

ಹರ್ಷದಾ ಕೊಟ್ಟಿದ್ದ ವಾಕ್ಯಗಳಿಂದಲೇ ಪ್ರೋಗ್ರಾಮಿಗೆ ಪಾಠವಾಯಿತು. ರಾಯರು helu ಎಂದು ಟೈಪು ಮಾಡಿ, ಮುಂದೆ ಬೇಕಾದದ್ದನ್ನು ಕನ್ನಡದಲ್ಲಿ ಬರೆದು ಎಂಟರ್ ಒತ್ತಿದರೆ ಸ್ಪೀಕರಿನಿಂದ ಅವರದೇ ದನಿ ಬಂತು. ಅವರದೇ, ಸಂಶಯವೇ ಇಲ್ಲ. ಆ ತುಸು ಮೂಗಿನ ಎಳೆತ, ಆ ಭಾರ. ನೀಲಿಮಾ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ರಾಯರು ಮನೆಯ ಮಾತನ್ನು ಟೈಪು ಮಾಡಿದಾಗ ಅದು ತಡವರಿಸಿತು. ಮಳೆಯ ವರದಿ ಓದಿ ಕಲಿತ ದನಿಗೆ ಧಾರವಾಡದ ರಾಗ ಎಲ್ಲಿಂದ ಬರಬೇಕು? ಆ ಊರಿನ, ಆ ಕಾಲದ ಗಂಡಸರ ಹಾಗೆ ರಾಯರು ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. 'ಏ, ಕೇಳಿಲ್ಲೆ' ಎನ್ನುತ್ತಿದ್ದರು, ಏ, ಕೇಳು ಇಲ್ಲಿ ಎಂದು. ಅದನ್ನೇ ಟೈಪು ಮಾಡಿದರು. ಯಂತ್ರ ಒಂದೇ ಉಸಿರಿನಲ್ಲಿ, ಚಪ್ಪಟೆಯಾಗಿ ಓದಿತು. ಒಳಗಿನಿಂದ ಭಾಮಾಬಾಯಿ, "ಏನು ಕೇಳಿಲ್ಲ ನಾನು? ಏನು ಹೇಳಿದ್ರಿ?" ಎಂದು ಗಾಬರಿಯಿಂದ ಬಂದರು.

ರಾಯರಿಗೆ ದಾರಿ ಉಳಿಯಲಿಲ್ಲ. ಯಂತ್ರಕ್ಕೆ ಗೊತ್ತಿದ್ದ ಭಾಷೆಗೇ ಇಳಿದರು. 'ಭಾಮಾ, ನೀನು ಮಾತ್ರೆಯನ್ನು ತೆಗೆದುಕೊಂಡೆಯಾ?' ಎಂದು ಯಂತ್ರ ಸ್ವಚ್ಛವಾಗಿ ಕೇಳಿತು. ಭಾಮಾಬಾಯಿ ಗೋಡೆ ಹಿಡಿದುಕೊಂಡರು. "ತಗೊಂಡೀನ್ರಿ," ಎಂದು, ಬಂದ ಅತಿಥಿಗೆ ಉತ್ತರ ಕೊಟ್ಟ ಹಾಗೆ ಹೇಳಿ ಒಳಗೆ ಹೋದರು.

ಮೊದಮೊದಲು ಅದನ್ನು ಅವರು ತಮಾಷೆ ಮಾಡಿ ತೇಲಿಸಿದರು. "ನಿಮ್ಮ ಮಾವನವರು ನಿಮ್ಮ ಸೀಮಿ ಮಾತು ಕಲ್ತು ಬಂದಾರ ನೋಡ್ರಿ," ಎಂದು ಅಮೋಘನನ್ನು ಕೆಣಕಿದರು. ಅವನು ನಗಲಿಕ್ಕೆ ನೋಡಿದ, ಆಗಲಿಲ್ಲ. ವಾರಗಳು ಹೋದ ಹಾಗೆ ತಮಾಷೆ ನಿಂತಿತು. ಯಂತ್ರ ಏನಾದರೂ ಕೇಳಿದರೆ ಭಾಮಾಬಾಯಿ ಹೌದು, ಇಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ರಾಯರೂ ಟೈಪು ಮಾಡುವುದನ್ನು ಕಡಿಮೆ ಮಾಡಿದರು. ಆ ಮನೆಯಲ್ಲಿ ದಿನವಿಡೀ ಕುಕ್ಕರು ಕೂಗುತ್ತಿತ್ತು, ಕೆಳಗೆ ರಸ್ತೆಯಲ್ಲಿ ಕಾಯಿಪಲ್ಲೆ ಮಾರುವ ಭಾಜಿಯವನು ಕೂಗುತ್ತಿದ್ದ, ಮನುಷ್ಯರ ಸದ್ದು ಮಾತ್ರ ಇರಲಿಲ್ಲ.

ಒಂದು ಭಾನುವಾರ ಅಮೋಘ ಔಷಧಿ ಕೊಡಲು ಬಂದಾಗ ರಾಯರು ಕೆಳಗೆ ಅಡ್ಡಾಡಲು ಹೋಗಿದ್ದರು. ಭಾಮಾಬಾಯಿ ಬಾಲ್ಕನಿಯ ಬಿಸಿಲಿನಲ್ಲಿ ಬಟಾಣಿ ಸುಲಿಯುತ್ತಿದ್ದರು. ಬೆರಳು ಸಿಪ್ಪೆಯ ಬೆನ್ನು ಹುಡುಕಿ, ಒಡೆದು, ಕಾಳನ್ನು ಬಟ್ಟಲಿಗೆ ಉದುರಿಸುತ್ತಿತ್ತು.

"ಕೂಡ್ರಿ ಅಮೋಘ," ಎಂದರು. ಆಮೇಲೆ, ಕೈ ನಿಲ್ಲಿಸದೆ, "ನಿಮಗೊಂದು ಕೇಳ್ಲೇನು? ನೀಲಿಮಾಗ ಹೇಳಬ್ಯಾಡ್ರಿ. ಅವರಿಗೆ ನಾ ಏನರೆ ತಪ್ಪು ಮಾಡೀನೇನು?"

"ಯಾರಿಗೆ ಅತ್ತೆ?"

"ನಿಮ್ಮ ಮಾವನವರಿಗೆ. ಸಿಟ್ಟು ಅಂತೂ ಅಲ್ಲ, ಸಿಟ್ಟಿದ್ರ ಬೈತಿದ್ರು. ನನ್ನ ದೂರ ಮಾಡ್ಯಾರ. ಇಷ್ಟು ವರ್ಷದಾಗ ಒಮ್ಮೆರೆ ಹೆಸರು ಹಿಡದು ಕರದಿಲ್ಲ, ಈಗ ಭಾಮಾ ಅಂತಾರ. ದಯವಿಟ್ಟು ಅಂತಾರ. ಮೊನ್ನೆ ಧನ್ಯವಾದಗಳು ಅಂದ್ರು." ಇನ್ನೊಂದು ಕಾಯಿ ಒಡೆದರು. "ಆ ದನಿ ಕೇಳಿದ್ರ ಅವರಽ ಅದಾರ ಅಂತ ಜೀವ ಓಡಿ ಹೋಗ್ತದ. ಮಾತು ಕೇಳಿದ್ರ ಯಾರೋ ಬ್ಯಾರೆ ಅದಾರ ಅನಸ್ತದ. ಬರಬರ್ತಾ ನನಗ ಅವರ ಮುಂದ ಕೂಡ್ಲಿಕ್ಕೆ ಸಂಕೋಚ ಆಗ್ಲಿಕ್ಹತ್ತೇದ."

ಇಷ್ಟು ದಿನ ಅಮೋಘ ತನ್ನ ತಪ್ಪಿಗೆ ಒಂದು ಲೆಕ್ಕ ಇಟ್ಟುಕೊಂಡಿದ್ದ: ಕೆಲವು ಫೈಲುಗಳು ಹೋದವು, ದನಿ ಉಳಿಯಿತು. ಹೋದದ್ದು ಫೈಲಲ್ಲ ಎಂದು ಈಗ ತಿಳಿಯಿತು. ಮಾವ ಅಳಿಯನ ಮಾನ ಕಾಯಲು ಅವನ ಬಾಯಿ ಮುಚ್ಚಿಸಿದ್ದರು, ಅದರ ದಂಡವನ್ನು ಈಕೆ ತೆರುತ್ತಿದ್ದರು.

"ಅತ್ತೆ, ಅವರು ನಿಮ್ಮನ್ನ ದೂರ ಮಾಡಿಲ್ಲ," ಎಂದ. "ನಿಮ್ಮ ಮನೆ ಮಾತಲ್ಲೇ ರೆಕಾರ್ಡ್ ಮಾಡಿಟ್ಟಿದ್ರು, ನಿಮಗೋಸ್ಕರಾನೇ. ಅದರ ಮೇಲೆ ಕಡೀದು ಅಂತ ಬರೆದಿದ್ರು. ನನಗೆ ಆ ಮಾತು ಗೊತ್ತಿರ್ಲಿಲ್ಲ. ಕಸ ಅಂದ್ಕೊಂಡು ಅಳಿಸಿಬಿಟ್ಟೆ. ಈಗ ಆ ಮಷೀನಿಗೆ ಪುಸ್ತಕದ ಮಾತು ಬಿಟ್ಟು ಬೇರೆ ಬರಲ್ಲ. ಅವರ ತಪ್ಪಲ್ಲ ಅದು, ನಂದು."

ಬಟಾಣಿಯ ಸಿಪ್ಪೆ ಅರ್ಧ ಒಡೆದು ಕೈಯಲ್ಲೇ ಉಳಿಯಿತು. "ಅವರಿಗೆ ಗೊತ್ತದ?"

"ಗೊತ್ತು. ನಿಮಗೆ ಹೇಳಬೇಡಿ ಅಂದ್ರು."

"ನಿಮ್ಮ ಮರ್ಯಾದಿ ಉಳಸ್ಲಿಕ್ಕೆ ನನ್ನ ಹಿಂಗ ಇಟ್ಟಿರೇನು ಇಬ್ಬರೂ ಕೂಡಿ?" ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಅಮೋಘನಿಗೆ ಹಗುರಾಗುತ್ತಿತ್ತು. "ನನಗ ಕಣ್ಣಿಲ್ಲ, ಬುದ್ಧಿ ಅದ. ಹೇಳಿದ್ರ ತಿಳೀತಿತ್ತು."

"ತಪ್ಪಾಯ್ತು ಅತ್ತೆ."

"ಹೌದು, ತಪ್ಪಾತು." ಕೆಳಗೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. "ಎಷ್ಟಿದ್ವು?" ಎಂದು ಕೇಳಿದರು.

"ನೂರಾರು ಇದ್ವು."

"ನೂರಾರು," ಎಂದರು ಭಾಮಾಬಾಯಿ. "ದಿನಕ್ಕ ನಾಕು ಮಾತಾಡಿದ್ರ ಹೆಚ್ಚು ಆ ಮನಶ್ಯಾ. ಆ ನೋಯೋ ಗಂಟಲದಾಗ ನೂರಾರು?" ಅವರ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. "ಏನೇನಿತ್ತು ಅದರಾಗ?"

"ನನಗೆ ಗೊತ್ತಿಲ್ಲ ಅತ್ತೆ. ಒಂದನ್ನೇ ಕೇಳಿದ್ದು ನಾನು, ಅದರಲ್ಲಿ ಬರೀ ಕೆಮ್ಮಿತ್ತು."

ಬಾಗಿಲಿನ ಕೀಲಿ ತಿರುಗಿದ ಸದ್ದಾಯಿತು. ರಾಯರು ಒಳಗೆ ಬಂದು, ಹೆಂಡತಿಯ ಒದ್ದೆ ಕೆನ್ನೆಯನ್ನೂ ಅಳಿಯನ ತಗ್ಗಿದ ತಲೆಯನ್ನೂ ನೋಡಿದರು. ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮೇಜಿನ ಕಡೆ ಹೆಜ್ಜೆ ಇಟ್ಟರು, helu ಎಂದು ಟೈಪು ಮಾಡಿದ ಸದ್ದು ಕೇಳಿಸಿತು.

"ಅದು ಬ್ಯಾಡ್ರಿ," ಎಂದರು ಭಾಮಾಬಾಯಿ. "ಇಲ್ಲೆ ಬಂದು ಕೂಡ್ರಿ."

ರಾಯರು ಬಂದು ಎದುರಿನ ಮಣೆಯ ಮೇಲೆ ಕೂತರು. ಭಾಮಾಬಾಯಿ ಬಟ್ಟಲು ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಗಾಳಿಯಲ್ಲಿ ಗಂಡನ ಮುಖ ಹುಡುಕಿದರು. ಕೈಗೆ ಮೊದಲು ಗಲ್ಲ ಸಿಕ್ಕಿತು. ಮೀಸೆ ಇದ್ದ ಜಾಗದಲ್ಲಿ ಬೆರಳು ಒಂದು ಗಳಿಗೆ ಅನುಮಾನಿಸಿ, ಆಮೇಲೆ ತುಟಿಗಳ ಮೇಲೆ ಬಂದು ನಿಂತಿತು. ಅಳಿಯನ ಎದುರು ಹೀಗೆ ಮುಟ್ಟುವವರಲ್ಲ ಅವರು. ಅಮೋಘ ಮುಖವನ್ನು ರಸ್ತೆಯ ಕಡೆ ತಿರುಗಿಸಿದ.

"ಏನೇನು ಇಟ್ಟಿದ್ರಿ ಅದರಾಗ? ಒಂದೊಂದ ಹೇಳ್ರಿ ನನಗ," ಎಂದರು.

ರಾಯರ ತುಟಿ ಅಲುಗಿತು. ಸದ್ದಿಲ್ಲ, ಕುತ್ತಿಗೆಯ ಬಟ್ಟೆಯ ಹಿಂದೆ ಉಸಿರು ಮಾತ್ರ. ಭಾಮಾಬಾಯಿ ತಲೆ ಬಗ್ಗಿಸಿ, ಬೆರಳಿನಿಂದ ಕೇಳಿಸಿಕೊಂಡರು.

"ಬಾಗಲಾ?" ಎಂದರು. "ಬಾಗಲಾ ಹಾಕು ಅಂದ್ರೇನು?"

ರಾಯರು ತಲೆ ಅಲ್ಲಾಡಿಸಿದರು. ಅಲ್ಲ ಎಂದು ಬೆರಳಿಗೆ ತಿಳಿಯಿತು. ಅವರು ಮತ್ತೆ ಹೇಳಿದರು, ಈ ಸಲ ನಿಧಾನವಾಗಿ, ಒಂದೊಂದೇ ಅಕ್ಷರ ತುಟಿಯಲ್ಲಿ ತೂಗಿ.

"ಮಗಳಾ? ಮಗಳಿಗೇನು?"

ಅದೂ ಅಲ್ಲ. ರಾಯರು ಕಣ್ಣು ಮುಚ್ಚಿದರು. ತುಟಿಯ ಮೇಲಿದ್ದ ಹೆಂಡತಿಯ ಕೈಯನ್ನು ತಮ್ಮ ಕೈಯಿಂದ ಒತ್ತಿ ಹಿಡಿದು ಮತ್ತೊಮ್ಮೆ ಹೇಳಿದರು.

"ತಿಳೀಲಿಲ್ಲ," ಎಂದರು ಭಾಮಾಬಾಯಿ. "ಇನ್ನೊಮ್ಮೆ ಅನ್ರಿ. ನನಗೇನೂ ಅವಸರ ಇಲ್ಲ."